ತುಂಬೆ ತೋಡಿದ ಕಾಲುವೆ

ಕಲ್ಲುಗುಡ್ಡದ ಇಳಿಜಾರಿನ ಒಂದು ಕಾಡಿನಲ್ಲಿ ತುಂಬೆ ಎಂಬ ಮುಳ್ಳುಹಂದಿ ತನ್ನ ಎರಡು ಮರಿಗಳೊಂದಿಗೆ ವಾಸವಾಗಿದ್ದಳು. ದೊಡ್ಡ ಬಂಡೆಯ ಕೆಳಗಿನ ಬಿಲವೇ ಅವಳ ಮನೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮಳೆಗಾಲ ಬಂತೆಂದರೆ ಮಾತ್ರ ಗೋಡೆಯೆಲ್ಲ ಒದ್ದೆ. ಕೂಡಿಟ್ಟ ಗೆಣಸಿಗೆ ಬೂಷ್ಟು ಹಿಡಿಯುತ್ತಿತ್ತು. ಚಿಕ್ಕ ಮರಿಗೆ ಬಿಡದ ಕೆಮ್ಮು.

ಸ್ವಲ್ಪ ಕೆಳಗಿನ ಬಿಲದಲ್ಲಿ ಸಿಂಗಣ್ಣ ಎಂಬ ನರಿ ಇದ್ದ. ಗೋಡೆಗೆ ಮಣ್ಣು ಮೆತ್ತುವುದು ಅವನ ಕಸುಬು.

"ಹೆದರಬೇಡ ಅಕ್ಕಾ, ನಾನು ಕೆಮ್ಮಣ್ಣು ಮೆತ್ತಿದರೆ ಒಂದು ಹನಿಯೂ ಒಳಗೆ ಬರಲ್ಲ" ಎಂದ. ಮೆತ್ತಿದ. ಕೂಲಿಗೆಂದು ಒಳ್ಳೊಳ್ಳೆಯ ಗೆಣಸು ಆರಿಸಿ ಹೊತ್ತೊಯ್ದ. ನಾಲ್ಕು ದಿನ ಗೋಡೆ ಚೆನ್ನಾಗಿತ್ತು. ಮುಂದಿನ ಮಳೆಗೆ ಮಣ್ಣು ಹಪ್ಪಳದಂತೆ ಎದ್ದು ಬಿತ್ತು. ಸಿಂಗಣ್ಣ ಮತ್ತೆ ಬಂದ, ಮತ್ತೆ ಮೆತ್ತಿದ, ಮತ್ತೆ ಗೆಣಸು ಒಯ್ದ.

ಮೂರನೆಯ ಸಲ ಮಣ್ಣು ಉದುರಿದ ದಿನ ಮರಿಯ ಮೈ ಕೆಂಡದಂತೆ ಸುಡುತ್ತಿತ್ತು. ತುಂಬೆಗೆ ಅಳು ಬಂತು. ಆದರೆ ಅಳುತ್ತ ಕೂರಲಿಲ್ಲ. "ಈ ನೀರು ಎಲ್ಲಿಂದ ಬರುತ್ತದೆ, ನೋಡಿಯೇ ಬಿಡುತ್ತೇನೆ" ಎಂದು ಸುರಿಯುವ ಮಳೆಯಲ್ಲೇ ಹೊರಗೆ ಹೋಗಿ ನಿಂತಳು.

ನೋಡಿದರೆ, ಬಂಡೆಯಿಂದ ಇಳಿದ ನೀರೆಲ್ಲ ಬಿಲದ ಬೆನ್ನಿಗೇ ಒಂದು ಗುಂಡಿಯಲ್ಲಿ ನಿಲ್ಲುತ್ತಿತ್ತು. ಹೋಗಲು ದಾರಿಯಿಲ್ಲದೆ ಇಂಗಿ ಇಂಗಿ ಗೋಡೆಗೆ ಇಳಿಯುತ್ತಿತ್ತು.

"ನೀರಿಗೆ ದಾರಿ ಮಾಡಿಕೊಡದೆ ಗೋಡೆಗೆ ಎಷ್ಟು ಮೆತ್ತಿದರೇನು!" ಎಂದುಕೊಂಡಳು ತುಂಬೆ.

ಅಂದೇ ಕೆಲಸ ಹಿಡಿದಳು. ಗುಂಡಿಗೆ ಮಣ್ಣು ತುಂಬಿ ತುಳಿದು, ನೀರು ಬಿಲದಿಂದ ಆಚೆಗೆ ಜಾರುವಂತೆ ಇಳಿಜಾರು ಮಾಡಿದಳು. ಅಲ್ಲಿಂದ ನರಿಯ ಬಿಲದ ಪಕ್ಕದಲ್ಲೇ ಹಾದು ಕೆಳಗಿನ ಹಳ್ಳದವರೆಗೆ ಕಾಲುವೆ ತೋಡತೊಡಗಿದಳು. ಬೇರು ಅಡ್ಡ ಬಂದರೆ ಕಡಿದಳು. ಬಂಡೆ ಅಡ್ಡ ಬಂದರೆ ಬಳಸಿ ಹೋದಳು. ಉಗುರು ಸವೆದು ರಕ್ತ ಬಂದರೂ ನಿಲ್ಲಿಸಲಿಲ್ಲ.

"ಯಾಕಕ್ಕಾ ಸುಮ್ಮನೆ ಒದ್ದಾಡ್ತೀಯ? ಮೆತ್ತೋಕೆ ನಾನಿಲ್ವಾ?" ಎಂದ ಸಿಂಗಣ್ಣ.

"ಮೂರು ಸಲ ಮೆತ್ತಿದೆಯಲ್ಲ, ಸಾಕು. ದಾರಿ ಬಿಡು" ಎಂದಳು ತುಂಬೆ.

ಆರನೆಯ ದಿನ ಕಾಲುವೆ ಹಳ್ಳ ಮುಟ್ಟಿತು. ಅಂದಿನ ಮಳೆಯ ನೀರು ಒಂದು ಗಳಿಗೆಯೂ ನಿಲ್ಲದೆ ಹರಿದುಹೋಯಿತು. ಗೋಡೆ ನಿಧಾನವಾಗಿ ಒಣಗಿತು. ಮರಿಯ ಜ್ವರ ಬಿಟ್ಟಿತು, ಕೆಮ್ಮೂ ಇಳಿಯಿತು.

ಸಿಂಗಣ್ಣನಿಗೆ ಹೊಟ್ಟೆ ಉರಿಯಿತು. ಕಾಲುವೆ ಕೆಟ್ಟರೆ ತುಂಬೆ ತನ್ನನ್ನೇ ಕರೆಯುತ್ತಾಳೆ ಎಂದು ಉಪಾಯ ಮಾಡಿದ. ಅವಳು ಗೆಣಸು ಅಗೆಯಲು ಹೋದಾಗ ಕಾಲುವೆಗೆ ಕಲ್ಲು, ತರಗೆಲೆ ತುರುಕಿದ. ಯಾರಿಗೂ ಕಾಣದಿರಲೆಂದು ತನ್ನ ಬಿಲದ ಪಕ್ಕದಲ್ಲೇ ಅಡ್ಡಗಟ್ಟಿದ. ನೆಲ ಎತ್ತ ಇಳಿದಿದೆ ಎಂದು ಮಾತ್ರ ನೋಡಲಿಲ್ಲ.

ಸಂಜೆ ಜೋರು ಮಳೆ ಬಂತು. ತಡೆದ ನೀರು ಮೇಲಿದ್ದ ತುಂಬೆಯ ಮನೆಗೆ ಏರುವುದುಂಟೇ? ದಡ ಒಡೆದು ಸೀದಾ ನರಿಯ ಬಿಲಕ್ಕೆ ನುಗ್ಗಿತು. ಅವನು ಕೂಡಿಟ್ಟ ಗೆಣಸೆಲ್ಲ ಕೊಚ್ಚಿಹೋಯಿತು.

ತೊಯ್ದು ನಡುಗುತ್ತ ಸಿಂಗಣ್ಣ ತುಂಬೆಯ ಬಾಗಿಲಿಗೆ ಬಂದ. "ತಪ್ಪಾಯ್ತು ಅಕ್ಕಾ, ಕಲ್ಲು ತುರುಕಿದ್ದು ನಾನೇ. ಒಳಗೆ ಬರಲಾ?"

ತುಂಬೆಯ ಮುಳ್ಳುಗಳು ನೆಟ್ಟಗೆ ನಿಂತವು. ಆಮೇಲೆ ಮೆಲ್ಲಗೆ ಮಲಗಿದವು.

"ಮೊದಲು ಹೋಗಿ ಆ ಕಲ್ಲುಗಳನ್ನೆಲ್ಲ ತೆಗಿ. ಆಮೇಲೆ ಬಾ, ಮೈ ಕಾಯಿಸಿಕೊ. ನಿನ್ನ ಬಿಲಕ್ಕೆ ಕಾಲುವೆ ಎಲ್ಲಿ ಬೇಕು ಅಂತ ನಾಳೆ ತೋರಿಸ್ತೀನಿ. ತೋಡೋನು ಮಾತ್ರ ನೀನೇ."

ಸಿಂಗಣ್ಣ ತಲೆ ತಗ್ಗಿಸಿ ಮಳೆಗೆ ಇಳಿದ.

ನೀತಿ: ತೊಂದರೆಯನ್ನು ಮೇಲೆ ಮೇಲೆ ಮುಚ್ಚದೆ, ಅದರ ಮೂಲ ಹುಡುಕಿ ಛಲದಿಂದ ಸರಿಪಡಿಸಬೇಕು. ಇನ್ನೊಬ್ಬರ ಮನೆ ಕೆಡಿಸಲು ಹೊರಟವನ ಮನೆಯೇ ಮೊದಲು ಕೆಡುತ್ತದೆ.