ಬಾವಿಯೊಳಗಿನ ಎರಡನೆಯ ಹಗ್ಗ

"ಗುರುಗಳೇ, ನನ್ನದು ಎಚ್ಚರಿಕೆ. ಜನ ಅದನ್ನು ಅಪನಂಬಿಕೆ ಎಂದು ಏಕೆ ಕರೆಯುತ್ತಾರೆ?" ಎಂದು ಮರುಳಯ್ಯ ಕೇಳಿದ.

ಮಠದ ಉಗ್ರಾಣವನ್ನು ಮರುಳಯ್ಯ, ಈರಯ್ಯ ಇಬ್ಬರೂ ನೋಡಿಕೊಳ್ಳುತ್ತಿದ್ದರು. ಈರಯ್ಯನ ಕೈಗೆ ಬೀಗದ ಕೈ ಕೊಡುವ ಮೊದಲು ಮರುಳಯ್ಯ ಅವನಿಗೆ ತಿಳಿಯದಂತೆ ಒಳಗೆ ಹೋಗಿ, ಹಬ್ಬಕ್ಕೆಂದು ಎತ್ತಿಟ್ಟ ಅಕ್ಕಿಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ಬರುತ್ತಿದ್ದ. ಯಾರಾದರೂ ಅಕ್ಕಿ ಮುಟ್ಟಿದರೆ ಗೆರೆ ಅಳಿಸಿಹೋಗುತ್ತದೆ. ಅಡುಗೆಯವರು ಅದನ್ನು ಕಂಡು ಆಡಿದ ಮಾತು ಅವನಿಗೆ ಚುಚ್ಚಿತ್ತು. ಈ ಸಂಗತಿಯನ್ನೆಲ್ಲ ಗುರುಗಳಿಗೆ ಹೇಳಿ, ಉತ್ತರ ಸಿಗದೆ ಏಳುವುದಿಲ್ಲ ಎಂದು ಕುಳಿತುಬಿಟ್ಟ.

ಗುರುಗಳು ಕತೆ ಹೇಳಿದರು.

ಒಬ್ಬ ಬಾವಿ ತೋಡುವವನಿದ್ದ. ಅವನು ಕೆಳಗಿಳಿದು ಅಗೆಯುತ್ತಿದ್ದ. ಜೊತೆಗಾರ ಮೇಲೆ ನಿಂತು ಮಣ್ಣಿನ ಬುಟ್ಟಿಯನ್ನೂ ಕೊನೆಗೆ ಅವನನ್ನೂ ರಾಟೆಯಿಂದ ಸೇದುತ್ತಿದ್ದ. ಇಳಿಯುವ ಮೊದಲು ಹಗ್ಗ ಜಗ್ಗಿ ನೋಡುವುದು ಆ ಕಸುಬಿನ ಪದ್ಧತಿ. ಜೊತೆಗಾರನೇ ಹಗ್ಗವನ್ನು ಕೈಗೆ ಕೊಟ್ಟು, "ಜಗ್ಗಿ ನೋಡಣ್ಣ" ಎನ್ನುತ್ತಿದ್ದ. ಹತ್ತು ವರ್ಷ ಹೀಗೆ ನಡೆಯಿತು. ಅದರಿಂದ ಒಬ್ಬರಿಗೂ ಬೇಸರವಾಗಲಿಲ್ಲ.

ಒಂದು ದಿನ ಯಾರೋ ಬಾವಿ ತೋಡುವವನ ಕಿವಿಯಲ್ಲಿ ಊದಿದರು. "ನಿನ್ ಜೀವ ಅವನ ಮುಷ್ಟೀಲಿದೆ. ಅವನ ಮನಸ್ಸು ಕೆಟ್ರೆ?"

ತಲೆಗೆ ಹುಳ ಬಿಟ್ಟಂತಾಯಿತು. ಮರುದಿನ ಅವನು ಜೊತೆಗಾರನಿಗಿಂತ ಮೊದಲೇ ಬಂದು, ಬಾವಿಯ ಬಾಯಿಗೆ ಸ್ವಲ್ಪ ಕೆಳಗೆ, ಜೊತೆಗಾರ ನಿಲ್ಲುವ ಜಾಗದ ಅಡಿಯಲ್ಲೇ, ಕಾಣದ ಹಾಗೆ ಒಂದು ಗೂಟ ಹೊಡೆದ. ಅದಕ್ಕೆ ಇನ್ನೊಂದು ಹಗ್ಗ ಕಟ್ಟಿ ಇಳಿಬಿಟ್ಟ. ತಳ ಮುಟ್ಟಿದ ಮೇಲೆ ಅದರ ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡ. ಇನ್ನು ಜೊತೆಗಾರ ಕೈಬಿಟ್ಟರೂ ಚಿಂತೆಯಿಲ್ಲ ಎಂದುಕೊಂಡ.

ಅಂದೇ ಬಾವಿಯಲ್ಲಿ ನೀರು ಚಿಮ್ಮಿತು. ಒಂದು ಬದಿಯ ಮಣ್ಣು ಕುಸಿಯಿತು. "ಎಳಿಯೋ!" ಎಂದು ಕೂಗಿದ. ಜೊತೆಗಾರ ಮೈಯ ಬಲವನ್ನೆಲ್ಲ ಹಾಕಿ ಎಳೆದ. ಇವನು ಮೇಲೇಳಲಿಲ್ಲ. ಗುಟ್ಟಿನ ಹಗ್ಗ ಕುಸಿದ ಮಣ್ಣಿನಡಿ ಸಿಕ್ಕಿ ಇವನನ್ನು ಕೆಳಗೇ ಹಿಡಿದಿತ್ತು. ನೆನೆದ ಗಂಟು ಬಿಚ್ಚಲು ಬರಲಿಲ್ಲ.

"ಏನ್ ಸಿಕ್ಕೊಂಡಿದೆ ಅಣ್ಣ?" ಎಂದು ಜೊತೆಗಾರ ಕೂಗಿ ಕೇಳಿದ.

ನೀರು ಎದೆಮಟ್ಟ ಬಂದಿತ್ತು. ಆದರೂ ಇವನಿಗೆ ಹೇಳಲು ನಾಲಿಗೆ ಏಳಲಿಲ್ಲ. ಸಾಯುವುದಕ್ಕಿಂತ ನಾಚಿಕೆಯೇ ದೊಡ್ಡದಾಗಿತ್ತು.

ಜೊತೆಗಾರ ಬಿಡುವವನಲ್ಲ. ಹಗ್ಗವನ್ನು ರಾಟೆಯ ಕಂಬಕ್ಕೆ ಬಿಗಿದ, ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ, ಅದೇ ಹಗ್ಗ ಹಿಡಿದು ಜಾರಿ ಇಳಿದ. ನೀರೊಳಗೆ ಕೈಯಾಡಿಸಿದಾಗ ಎರಡನೆಯ ಹಗ್ಗ ಸಿಕ್ಕಿತು. ಏನೂ ಕೇಳದೆ ಅದನ್ನು ಕೊಯ್ದ. ಮತ್ತೆ ಹತ್ತಿ ಹೋಗಿ ಇವನನ್ನು ಸೇದಿ ಮೇಲೆ ಹಾಕಿದ.

ಇಬ್ಬರೂ ಏದುಸಿರು ಬಿಡುತ್ತ ಕುಳಿತರು. ಜೊತೆಗಾರ ಬಗ್ಗಿ ತನ್ನ ಕಾಲಡಿಯ ಗೂಟವನ್ನು ನೋಡಿದ.

"ಮೊದ್ಲೇ ಹೇಳ್ಬಾರ್ದಿತ್ತೇನಣ್ಣ? ನಾನೇ ಇನ್ನೂ ಗಟ್ಟಿಯಾಗಿ ಹೊಡ್ಕೊಡ್ತಿದ್ದೆ" ಎಂದ.

ಕತೆ ಅಲ್ಲಿಗೆ ನಿಂತಿತು. ಮರುಳಯ್ಯನಿಗೆ ಸಮಾಧಾನವಾಗಲಿಲ್ಲ. "ಜೀವದ ಪ್ರಶ್ನೆ ಬಂದಾಗ ಎರಡು ಹಗ್ಗ ಇರುವುದು ತಪ್ಪೇ, ಗುರುಗಳೇ? ಅದೂ ಎಚ್ಚರಿಕೆಯೇ ಅಲ್ಲವೆ?"

"ತಪ್ಪಲ್ಲ. ಆದರೆ ನಾಳೆ ಅಕ್ಕಿಯ ಮೇಲೆ ಗೆರೆ ಎಳೆಯುವಾಗ ಈರಯ್ಯನನ್ನು ಪಕ್ಕದಲ್ಲೇ ನಿಲ್ಲಿಸಿಕೊ" ಎಂದರು ಗುರುಗಳು.