ಸೀಟಿನ ಭಕ್ತ

ಗುಂಡಿ ಒತ್ತಿದರೆ ಏರಿಳಿಯುವ ಸೀಟೊಂದು ಬೆಟ್ಟದ ಸೈಕಲ್ಲಿನ ಮೇಲೆ ಕೂತು, ಹಿಂದಿನ ಚಕ್ರಕ್ಕೆ ಮಡ್‌ಗಾರ್ಡ್ ಆರಿಸುತ್ತಿತ್ತು. ಉದ್ದನೆಯ ಮಡ್‌ಗಾರ್ಡೊಂದು ಬಂದದ್ದೇ ಸೀಟಿನ ಕಂಬವನ್ನು ತಬ್ಬಿಕೊಂಡು, "ಒಡೆಯಾ, ತಮ್ಮ ಪಾದವೇ ನನಗೆ ಗತಿ!" ಎಂದಿತು. ಗಿಡ್ಡನೆಯದು, "ನನಗೆ ಕೆಳಗೆ ಚಕ್ರದ ಪಕ್ಕದ ಜಾಗ ಸಾಕು" ಎಂದಿತು. ಉಬ್ಬಿಹೋದ ಸೀಟು ಉದ್ದನೆಯದನ್ನೇ ಇಟ್ಟುಕೊಂಡಿತು.

ಏರು ಮುಗಿಯುವವರೆಗೂ ಜೈಕಾರವೋ ಜೈಕಾರ. ಇಳಿಜಾರಿನಲ್ಲಿ ಸವಾರ ಗುಂಡಿ ಒತ್ತಿದ. ಸೀಟು ಸರ್ರನೆ ಇಳಿಯಿತು. ಜೊತೆಗೇ ಇಳಿದ ಭಕ್ತನ ಬಾಲ ಚಕ್ರಕ್ಕೆ ಸಿಕ್ಕಿ ಚೂರಾಯಿತು, ಕೆಸರೆಲ್ಲ ಸೀಟಿನ ಮೋರೆಗೆ ರಾಚಿತು.

ಮರುದಿನ ಗಿಡ್ಡನೆಯದು ಬಂದು ಚಕ್ರದ ಪಕ್ಕ ಕೂತಿತು.

"ನನಗೊಂದು ನಮಸ್ಕಾರವೂ ಇಲ್ಲವೇ?" ಸೀಟು ಗದರಿತು.

"ನಿಮ್ಮ ಕಡೆ ತಿರುಗಿ ಕೈ ಮುಗೀತಾ ಕೂತರೆ ಕೆಸರು ತಡೆಯೋರು ಯಾರು, ನಿಮ್ಮಪ್ಪನಾ?"