ಗಿರಣಿಯ ಮನೆಮಗ

"ಅಜ್ಜಾರ, ಒಂದ ಒಲಿ ಮ್ಯಾಲಿನ ಅನ್ನ ಉಣ್ಣಾವ್ರ ನಡುವ ಕಾಯ್ದೆ ಯಾಕ ಬೇಕ್ರಿ?"

ಮಠಕ್ಕೆ ಬಂದವನೇ ಅಡಿವೆಪ್ಪ ಗುರುಗಳನ್ನು ಹೀಗೆ ಕೇಳಿದ. ಪೇಟೆಯಲ್ಲಿ ಅವನದೊಂದು ಖಾನಾವಳಿ. ಹಿಂದಿನ ದಿನ ಕಾರ್ಮಿಕ ಇಲಾಖೆಯವರು ಬಂದು, ಕೆಲಸದವರ ಹೆಸರು ನೋಂದಾಯಿಸಬೇಕು, ವಿಮೆ ಮಾಡಿಸಬೇಕು ಎಂದು ಹೇಳಿ ಹೋಗಿದ್ದರು. ಅವರು ಹೊರಟ ಮೇಲೆ, ರೊಟ್ಟಿ ಬಡಿಯುವ ನೀಲವ್ವ ಒಲೆಯ ಮುಂದಿನಿಂದಲೇ "ನನ್ನ ಹೆಸರೂ ಬರಸ್ರಿ ಸಾವ್ಕಾರ್ರ" ಎಂದುಬಿಟ್ಟಿದ್ದಳು. ಅಡಿವೆಪ್ಪ ಸಿಡಿಮಿಡಿಗೊಂಡಿದ್ದು ಅದಕ್ಕೇ.

"ನೀಲವ್ವಗ ನಾ ಅಕ್ಕಾ ಅಂತ ಕರೀತೀನ್ರಿ. ಅಕ್ಕನ ಹೆಸರು ಯಾರರ ಸರಕಾರಕ್ಕ ಬರದು ಕೊಡ್ತಾರೇನ್ರಿ? ಆಗೂದಿಲ್ಲ ಅಂತ ಹೇಳಾವದೀನಿ. ನಿಮ್ಮ ಅಪ್ಪಣೆ ಆಗಬೇಕು."

ಗುರುಗಳು ನಕ್ಕರು. "ಅಪ್ಪಣೆ ಕೊಟ್ರ ನಾಳಿ ಜಗಳಕ್ಕ ನನ್ನೂ ಎಳೀತಿ. ಕೂಡು, ಕತಿ ಹೇಳ್ತೀನಿ" ಎಂದು ಶುರು ಮಾಡಿದರು.

ಒಬ್ಬ ವ್ಯಾಪಾರಿಗೆ ಎಣ್ಣೆ ಗಿರಣಿ ಇತ್ತು. ಮನುಷ್ಯ ಕೆಟ್ಟವನಲ್ಲ. ಎಣ್ಣೆಯಲ್ಲಿ ಕಲಬೆರಕೆ ಮಾಡಿದವನಲ್ಲ, ಆಳಿನ ಮೇಲೆ ಕೈ ಎತ್ತಿದವನಲ್ಲ. ಗಿರಣಿ ನಡೆಸಲು ಅವನ ಹತ್ತಿರ ಒಬ್ಬ ಆಳಿದ್ದ. ಬಂದವರಿಗೆಲ್ಲ ಆ ಆಳನ್ನು ತೋರಿಸಿ "ಇವ ನಮ್ಮ ಮನೀ ಮಗ" ಎನ್ನುತ್ತಿದ್ದ. ಹಬ್ಬಕ್ಕೆ ಮಕ್ಕಳಿಗೆ ಬಟ್ಟೆ ತಂದರೆ ಅವನಿಗೂ ಒಂದು ಅಂಗಿ ಹೊಲಿಸುತ್ತಿದ್ದ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಆಳಿಗೆ ಹಾಲು ಕುಡಿದಷ್ಟು ಸಂತೋಷ. ಮಾತಿಗೇನು ಸುಂಕವೇ? ವ್ಯಾಪಾರಿಯೂ ಧಾರಾಳವಾಗಿ ಆಡುತ್ತಿದ್ದ.

ಒಮ್ಮೆ ಆಳು ಹೆಂಡತಿಯ ಒತ್ತಾಯಕ್ಕೆ ಬಾಯಿ ತೆರೆದ. "ಸಾವ್ಕಾರ್ರ, ನನಗೊಂದು ವಿಮಾ ಮಾಡಸ್ರಿ" ಎಂದ. ವ್ಯಾಪಾರಿಯ ಮುಖ ಸಣ್ಣದಾಯಿತು. "ನಿನ್ನನ್ನ ಕೂಲಿಯವ ಅಂತ ಬರಸ್ಲೇನು? ನನ್ನ ನಾಲಿಗಿ ಬಿದ್ದು ಹೋಗಲಿ!" ಎಂದ. ಕೇಳಿದ್ದೇ ತಪ್ಪಾಯಿತೆಂದು ಆಳು ತಲೆ ತಗ್ಗಿಸಿದ.

"ಖರೇ ಮಾತ್ರಿ" ಎಂದು ಅಡಿವೆಪ್ಪ ತಲೆದೂಗಿದ.

"ತಡಿಯೋ ಮಾರಾಯಾ, ಕತಿ ಇನ್ನೂ ಮುಗದಿಲ್ಲ" ಎಂದು ಗುರುಗಳು ಮುಂದುವರಿಸಿದರು.

ಒಂದು ದಿನ ತಿರುಗುವ ಬೆಲ್ಟಿಗೆ ಆಳಿನ ಬಲಗೈ ಸಿಕ್ಕಿತು. ವ್ಯಾಪಾರಿಯೇ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿ ಗೋಡೆಗೆ ಹಣೆ ಹಚ್ಚಿ ಅತ್ತ. ಕರುಳು ಕಿತ್ತು ಬಂದ ಅಳು, ಅದರಲ್ಲಿ ಸುಳ್ಳಿರಲಿಲ್ಲ. ಆಳಿನ ಜೀವ ಉಳಿಯಿತು, ಕೈ ಉಳಿಯಲಿಲ್ಲ.

ಇನ್ನು ಆ ಸಂಸಾರ ಉಣ್ಣುವುದು ಹೇಗೆ? ಕಾರ್ಮಿಕ ಇಲಾಖೆಯ ಅಧಿಕಾರಿ ಇಬ್ಬರನ್ನೂ ವಿಚಾರಣೆಗೆ ಕರೆದ. ವ್ಯಾಪಾರಿ ವಕೀಲನನ್ನು ಕಂಡ. "ಅವ ಕೆಲಸದವ ಅಂದ್ರ ಪರಿಹಾರ ಕೊಡಬೇಕು, ಹೆಸರು ಬರಸದ್ದಕ್ಕ ದಂಡ ಬ್ಯಾರೆ. ಕೆಲಸದವ ಅಲ್ಲ ಅಂದ್ರ ಏನೂ ಇಲ್ಲ" ಎಂದ ವಕೀಲ. ವ್ಯಾಪಾರಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಹೊಸ ಸುಳ್ಳು ಹುಡುಕುವ ಕಷ್ಟವೂ ಇಲ್ಲ, ಇಷ್ಟು ವರ್ಷ ಆಡಿದ ಮಾತನ್ನೇ ಅಲ್ಲಿಯೂ ಆಡಿದರಾಯಿತು.

"ಇವ ನಿಮ್ಮ ಕೆಲಸದವನೇನ್ರಿ?" ಎಂದು ಅಧಿಕಾರಿ ಕೇಳಿದ.

"ಅಲ್ರಿ ಸಾಹೇಬ್ರ. ಇವ ನಮ್ಮ ಮನೀ ಮಗ. ತಾನ ಬಂದು ಕೈ ಹಚ್ಚತಿದ್ದ."

ಅಧಿಕಾರಿ ಆಳಿನ ಕಡೆ ತಿರುಗಿದ. ಆಳು ವ್ಯಾಪಾರಿಯ ಮುಖ ನೋಡಿದ. ವ್ಯಾಪಾರಿ ನೆಲ ನೋಡಿದ.

"ಸಾವ್ಕಾರ್ರ ಮಾತು ಸುಳ್ಳಾಗಬಾರದ್ರಿ" ಎಂದ ಆಳು. "ಮಗಾ ಅಂತನ ಬರಕೊಳ್ರಿ."

"ಅಯ್ಯೋ ಹುಚ್ಚಪ್ಪಾ, ಹೆಂಡ್ರು ಮಕ್ಕಳ ಗತಿ ಏನೋ!" ಎಂದುಬಿಟ್ಟ ಅಡಿವೆಪ್ಪ. ಗುರುಗಳು ಕೇಳಿಸದವರಂತೆ ಕತೆ ಹೇಳುತ್ತ ಹೋದರು.

ಬೀಸುವ ದೊಣ್ಣೆ ತಪ್ಪಿತು ಎಂದುಕೊಂಡು ವ್ಯಾಪಾರಿ ಮನೆಗೆ ಬಂದ. ಕಾಲು ತೊಳೆದು ಊಟಕ್ಕೆ ಕೂತ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಕಿಟಕಿಯಿಂದ ಇಣುಕಿದರೆ, ಹೊರಗೆ ಆಳು ನಿಂತಿದ್ದಾನೆ. ಹಿಂದೆ ಹೆಂಡತಿ, ಮಕ್ಕಳು. ಹೆಂಡತಿಯ ತಲೆಯ ಮೇಲೆ ಹಾಸಿಗೆಯ ಸುರುಳಿ.

"ಅಪ್ಪಾ" ಎಂದ ಆಳು. ಅಲ್ಲಿಯ ತನಕ ಒಮ್ಮೆಯೂ ಅವನು ಹಾಗೆ ಕರೆದಿರಲಿಲ್ಲ. "ಬಾಗಲಾ ತಗೀರಿ. ನಮ್ಮ ಹಾಸಿಗಿ ಎಲ್ಲಿ ಹಾಸೂಣು?"

ವ್ಯಾಪಾರಿಯ ಕೈ ಚಿಲಕದ ತನಕ ಹೋಗಿ ಅಲ್ಲೇ ನಿಂತಿತು.

ಗುರುಗಳು ಕತೆಯನ್ನೂ ಅಲ್ಲೇ ನಿಲ್ಲಿಸಿದರು. ಅಡಿವೆಪ್ಪ ಕಾದ. ಅವನಿಗೆ ತಡೆಯಲಾಗಲಿಲ್ಲ.

"ಮುಂದ ಏನಾತ್ರಿ ಅಜ್ಜಾರ? ಆ ವ್ಯಾಪಾರಿ ಬಾಗಲಾ ತಗದನೋ ಇಲ್ಲೋ?"

"ಹೆತ್ತ ಮಗ ಬಂದು ಬಾಗಲಾ ಬಡದಿದ್ರ ನೀ ಹಿಂಗ ಕೇಳತಿದ್ದಿ ಏನು, ಅಡಿವೆಪ್ಪಾ?"